ಔಸೇಪ್ ನನ್ನ ಕೈಗೆ ಕೊಟ್ಟ ಕಾಗದ

ಆ ಮೂಗರ್ಜಿ ಬರೆದವಳು ನಾನು. ಆ ಕಾಗದವನ್ನು ಗ್ಯಾಸ್ ಒಲೆಯ ಮೇಲೆ ಹಿಡಿದು ಸುಟ್ಟವಳೂ ನಾನೇ. ನನ್ನ ಗಂಡ ಎದುರಿಗೆ ಕೂತು ಕೇಳಿದಾಗ "ಇಲ್ಲ, ನನಗೆ ಕೊಟ್ಟಿಲ್ಲ" ಎಂದವಳೂ ನಾನೇ. ಈ ಮೂರರಲ್ಲಿ ಯಾವುದು ದೊಡ್ಡದು ಎಂದು ಆರು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಮೊದಲೆರಡನ್ನು ಯಾರೂ ನೋಡದ ಹಾಗೆ ಮಾಡಿದೆ. ಮೂರನೆಯದನ್ನು ಒಬ್ಬ ಮನುಷ್ಯನ ಮುಖ ನೋಡಿಕೊಂಡೇ ಮಾಡಿದೆ.

ನಾವು ಮೈಸೂರಿನವರು. ನನ್ನ ಗಂಡ ನಾಗಭೂಷಣ ಅವರಿಗೆ ತಿರುವನಂತಪುರದ ಹತ್ತಿರ, ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾದ ವರ್ಷವೇ ನಾನೂ ತಿರುವನಂತಪುರಕ್ಕೆ ಬಂದೆ. ಮಗಳು ಮೇಘನಾ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಮದುವೆಗೆ ಮುಂಚೆ, ಬೆಂಗಳೂರಿನಲ್ಲಿ ಓದುವಾಗ, ಅವರು ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದರು. ಆಮೇಲೆ ಸಂಸಾರ, ಕೆಲಸ — ಹಾರಾಟ ಅಲ್ಲಿಗೇ ನಿಂತಿತ್ತು. ಅವರೊಳಗೆ ನಿಂತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಅವರು ನಿವೃತ್ತರಾದ ಮೇಲೆ. ಮುಚ್ಚಿಹೋಗಿದ್ದ ಯಾವುದೋ ಫ್ಲೈಯಿಂಗ್ ಕ್ಲಬ್ಬಿನ ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡುಕೊಂಡರು. ನಮ್ಮ ಮಗಳಿಗಿಂತ ವಯಸ್ಸಾದದ್ದು. ರೆಕ್ಕೆ ಬಿಚ್ಚಿ, ಲಾರಿಯಲ್ಲಿ ಹಾಕಿಕೊಂಡು ಬಂದರು. ವಿಮಾನ ನಿಲ್ದಾಣದ ಹಳೆಯ ಹ್ಯಾಂಗರಿನ ಒಂದು ಮೂಲೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಅದನ್ನು ಮತ್ತೆ ಹಾರುವಂತೆ ಮಾಡಲು ಬಂದವನು ಔಸೇಪ್. ಕೊಚ್ಚಿಯವನು. ಮೂವತ್ತು ವರ್ಷ ಸಣ್ಣ ವಿಮಾನಗಳ ದುರಸ್ತಿಯಲ್ಲೇ ಕಳೆದ, ಲೈಸೆನ್ಸ್ ಇದ್ದ ಎಂಜಿನಿಯರ್. ಬೇರೆ ಇಬ್ಬರ ವಿಮಾನಗಳನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಪ್ರತಿ ಶನಿವಾರ ಬೆಳಗಿನ ರೈಲಿಗೆ ಬರುತ್ತಿದ್ದ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಹುಳಿಗೆ ನಾನು ಬೆಲ್ಲ ಹಾಕುವುದು ಅವನಿಗೆ ದೊಡ್ಡ ತಮಾಷೆ. "ಇದು ಸಾಂಬಾರೋ ಪಾಯಸವೋ, ಚೇಚೀ?" ಎನ್ನುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಹುಳಿಯನ್ನು ಹಾಸ್ಯ ಮಾಡಿಕೊಂಡೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ.

ಆರು ವರ್ಷ ಹಿಡಿಯಿತು. ಸಮುದ್ರದ ಗಾಳಿಗೆ ರೆಕ್ಕೆಯ ಬುಡ ಬೂದಿ ಬೂದಿಯಾಗಿ ಉದುರುತ್ತಿತ್ತು; ಅದನ್ನು ಕೆರೆದು, ಕೆಟ್ಟ ತಗಡು ಕತ್ತರಿಸಿ, ಹೊಸದು ಕೂರಿಸಿದರು. ಎಂಜಿನ್ ಬಿಚ್ಚಿದರು. ತಂತಿಗಳನ್ನೆಲ್ಲ ಬದಲಾಯಿಸಿದರು. ಮುಂದಿನ ಫಲಕದ ಹಳೆಯ ದುಂಡು ಮೀಟರುಗಳನ್ನು ತೆಗೆದು, ಎಲ್ಲವನ್ನೂ ಒಂದೇ ಕಡೆ ತೋರಿಸುವ ಪರದೆ ಹಾಕಿದರು. ಎತ್ತರ ತೋರಿಸುವ ಹಳೆಯ ಮೀಟರನ್ನು ಮಾತ್ರ ತೆಗೆಯಲು ಔಸೇಪ್ ಬಿಡಲಿಲ್ಲವಂತೆ — "ಕರೆಂಟು ಹೋದರೂ ಇದು ಕೆಲಸ ಮಾಡುತ್ತೆ ಸಾರ್, ಇರಲಿ." ಇದನ್ನೆಲ್ಲ ನನ್ನ ಗಂಡ ಊಟದ ಮೇಜಿನಲ್ಲಿ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ. ನಾನು ಕೇಳಿಸಿಕೊಂಡದ್ದೆಲ್ಲ ಮುಂದೆ ಯಾವುದಕ್ಕೆ ಬಳಕೆಯಾಯಿತು ಎಂದರೆ...

ಒಂದು ವಿಷಯ ಹೇಳಬೇಕು. ವಿಮಾನಕ್ಕೆ ಹಾಕುವ ಪ್ರತಿ ಬಿಡಿಭಾಗಕ್ಕೂ ಒಂದು ಕಾಗದ ಇರುತ್ತದೆ: ಇದು ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು, ಇದರ ನಂಬರು ಏನು ಎಂದು. ಆ ಕಾಗದ ಇಲ್ಲದಿದ್ದರೆ ಆ ಭಾಗ ಎಷ್ಟೇ ಚೆನ್ನಾಗಿರಲಿ, ಲೆಕ್ಕಕ್ಕಿಲ್ಲ. ಹ್ಯಾಂಗರಿನಲ್ಲಿ ತೇವ ಎಂದು ಆ ಫೈಲು ನಮ್ಮ ಮನೆಯ ಬೀರುವಿನಲ್ಲಿತ್ತು. ಕೊನೆಕೊನೆಗೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎಂಬುದನ್ನು ಹೊರ ರಾಜ್ಯದ ಒಂದು ವರ್ಕ್‌ಶಾಪಿಗೆ ಕಳಿಸಿದ್ದರು. ವಸ್ತು ಸರಿಯಾಗಿ ಬಂತು, ಕಾಗದ ಬರಲಿಲ್ಲ. ನನ್ನ ಗಂಡನಿಗೆ ಆತುರ. "ಹಾಕಿಬಿಡು ಔಸೇಪ್, ಕಾಗದ ಬರುತ್ತೆ" ಎಂದರು. ಅವನು ಒಪ್ಪಲಿಲ್ಲ. "ಕಾಗದ ಬರಲಿ ಸಾರ್. ಮೇಲೆ ಹೋದಮೇಲೆ ಪಕ್ಕಕ್ಕೆ ನಿಲ್ಲಿಸಿ ನೋಡೋಕೆ ಜಾಗ ಇರಲ್ಲ." ಮೂರು ವಾರ ಕೆಲಸವೇ ನಿಂತಿತು. ನನ್ನ ಗಂಡ ಮುಖ ಊದಿಸಿಕೊಂಡು ಓಡಾಡಿದರು. ಔಸೇಪ್ ಕದಲಲಿಲ್ಲ.

ನಾಲ್ಕನೆಯ ಶನಿವಾರ ಅವನು ಬಂದಾಗ ನನ್ನ ಗಂಡ ಸ್ನಾನ ಮಾಡುತ್ತಿದ್ದರು. ಬಾಗಿಲಲ್ಲೇ ನನ್ನ ಕೈಗೆ ಒಂದು ಲಕೋಟೆ ಕೊಟ್ಟ. "ಬಂತು ಚೇಚೀ. ಇದನ್ನ ಸಾರ್ ಫೈಲಲ್ಲಿ ಇಟ್ಟುಬಿಡಿ." ಇಟ್ಟೆ. ಕಾಗದ ಬಂದಿದೆ ಎಂದು ಅವನು ಹೇಳಿದ, ಇವರು ಸಂತೋಷದಲ್ಲಿ ಫೈಲು ತೆರೆದು ನೋಡಲಿಲ್ಲ. ಆ ದಿನವೇ ಮ್ಯಾಗ್ನೆಟೊ ಕೂತಿತು.

ಮುಂದಿನ ವಾರ ಊಟಕ್ಕೆ ಕೂತಾಗ ಮೊದಲ ಹಾರಾಟದ ಮಾತು ಬಂತು. ನನ್ನ ಗಂಡ ಅನ್ನ ಕಲಸುತ್ತ ಹೇಳಿದರು: "ಪಕ್ಕದ ಸೀಟು ಔಸೇಪಂದೇ. ಅವನು ಬಿಟ್ರೆ ಇನ್ಯಾರು ಕೂರಬೇಕು?" ಔಸೇಪ್ ತಲೆ ತಗ್ಗಿಸಿ ನಕ್ಕ. ನಾನು ತುಪ್ಪ ಬಡಿಸುತ್ತಿದ್ದೆ.

ಹೆದರಿಕೆಯಿಂದ ಮಾಡಿದೆ ಎಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡೆ. ಹೆದರಿಕೆ ಇದ್ದದ್ದು ನಿಜ — ಅವರಿಗೆ ಬಿ.ಪಿ. ಇತ್ತು, ಅರವತ್ತಾರು ದಾಟಿತ್ತು, ಹಳೆಯ ತಗಡು, ಕೆಳಗೆ ಸಮುದ್ರ. ಆದರೆ ಹೆದರಿಕೆಯೊಂದೇ ಆಗಿದ್ದರೆ "ಹೋಗಬೇಡಿ" ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಒಂದು ದಿನವೂ ಹೇಳಲಿಲ್ಲ. ಮೂವತ್ತೆಂಟು ವರ್ಷ ಜೊತೆಗಿದ್ದ ನನ್ನ ಹೆಸರು ಆ ಸೀಟಿಗೆ ಅವರ ಮನಸ್ಸಿನಲ್ಲಿ ಒಂದು ಸಲವೂ ಸುಳಿಯಲಿಲ್ಲವಲ್ಲ — ನಾನು ಕೂರುತ್ತಿರಲಿಲ್ಲ, ಆ ಮಾತು ಬೇರೆ. ನನ್ನೊಡನೆ ಎಂದೂ ನಗದ ಹಾಗೆ ಅವರು ಆ ಹ್ಯಾಂಗರಿನಲ್ಲಿ ನಗುತ್ತಿದ್ದರು. ಸಂಜೆಯ ತಿಂಡಿ ಕೊಡಲು ಹೋದಾಗ ಹೊರಗಿನಿಂದ ಕೇಳಿದ್ದೇನೆ.

ಆ ತಿಂಗಳು ಮಗಳ ಮನೆಗೆಂದು ಕೊಚ್ಚಿಗೆ ಹೋದೆ. ಅವಳು ಆಫೀಸಿಗೆ ಹೋದ ಮೇಲೆ ಅವಳ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಗುಜರಿಯಿಂದ ತಂದ ಭಾಗಗಳಿಗೆ ಸುಳ್ಳು ಕಾಗದ ಸೇರಿಸಿ ಹಾಕುವ ದಂಧೆ ಕೆಲವೆಡೆ ಇದೆಯೆಂದು ನನ್ನ ಗಂಡ ಯಾವಾಗಲೋ ಹೇಳಿದ್ದರು; ಅದನ್ನೇ ಔಸೇಪನ ಹೆಸರಿಗೆ ಹಚ್ಚಿದೆ. ನಂಬಿಕೆ ಬರಲಿ ಎಂದು ಮ್ಯಾಗ್ನೆಟೊದ ಹೆಸರು ಹಾಕಿದೆ — ಕಾಗದವಿಲ್ಲದೆ ಕೂರಿಸಿದ್ದಾನೆ ಎಂದು. ಅವನು ಯಾವುದನ್ನು ಮಾಡಲೊಪ್ಪದೆ ಮೂರು ವಾರ ಕೈಕಟ್ಟಿ ಕೂತಿದ್ದನೋ, ಅದನ್ನೇ ಮಾಡಿದ ಎಂದು ಬರೆದೆ. ಕಲೂರ್ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸಹಿ ಹಾಕದೆ, ವಿಮಾನಯಾನ ಇಲಾಖೆಯ ವಿಳಾಸ ಬರೆದು ಅಂಚೆಗೆ ಹಾಕಿದೆ. ತಿರುವನಂತಪುರಕ್ಕೆ ಮರಳಿದ ದಿನ ಬೀರು ತೆಗೆದು ಔಸೇಪ್ ಕೊಟ್ಟಿದ್ದ ಕಾಗದ ಸುಟ್ಟೆ. ಔಸೇಪನಿಗೆ ಏನಾಗುತ್ತದೆಂದು ಆಗ ಯೋಚಿಸಲಿಲ್ಲ — ಅಲ್ಲ, ಇದೂ ಸುಳ್ಳು. ಯೋಚಿಸಿದ್ದೆ. ಸ್ವಲ್ಪ ತೊಂದರೆಯಾಗುತ್ತದೆ, ಆಗಲಿ ಎಂದುಕೊಂಡಿದ್ದೆ.

ಇಬ್ಬರು ಅಧಿಕಾರಿಗಳು ಬಂದರು. ನಮ್ಮ ಮುಂದಿನ ಕೋಣೆಯಲ್ಲಿ ಫೈಲು ಬಿಚ್ಚಿಕೊಂಡು ಕೂತರು. ಮರ್ಯಾದಸ್ಥರು, ಒಂದೊಂದೇ ನಂಬರು ಕೂಗಿ ಕೇಳುತ್ತಿದ್ದರು, ಔಸೇಪ್ ಒಂದೊಂದೇ ಕಾಗದ ತೆಗೆದು ಕೊಡುತ್ತಿದ್ದ. ಒಂದೂ ತಪ್ಪಲಿಲ್ಲ. ಮ್ಯಾಗ್ನೆಟೊ ಎಂದಾಗ ಅವನು ಫೈಲು ಮಗುಚಿದ. ಮತ್ತೆ ಮೊದಲಿನಿಂದ ಮಗುಚಿದ. ಆಮೇಲೆ ನನ್ನ ಗಂಡನ ಕಡೆ ತಿರುಗಿ ಹೇಳಿದ, "ಚೇಚಿ ಕೈಗೆ ಕೊಟ್ಟಿದ್ದೆ ಸಾರ್."

ಇವರು ನನ್ನನ್ನು ಕರೆದರು. "ಲಲಿತಾ, ಔಸೇಪ್ ನಿನ್ನ ಕೈಗೆ ಒಂದು ಕಾಗದ ಕೊಟ್ಟಿದ್ನೇನೆ?"

"ಇಲ್ಲ, ನನಗೆ ಕೊಟ್ಟಿಲ್ಲ" ಎಂದೆ.

ಔಸೇಪ್ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ — ಇನ್ನೂ ಸ್ವಲ್ಪ ಹೊತ್ತು ಕೊಟ್ಟರೆ ನನಗೆ ನೆನಪಾದೀತು ಎಂಬ ಹಾಗೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ವಿಮಾನಕ್ಕೆ ಮೊಹರು ಬಿತ್ತು. ಅವನ ಲೈಸೆನ್ಸ್ ತಡೆಹಿಡಿದರು. ನಕಲು ಪ್ರತಿ ಕೇಳೋಣವೆಂದರೆ ಆ ವರ್ಕ್‌ಶಾಪು ಅಷ್ಟರಲ್ಲಿ ಬಾಗಿಲು ಹಾಕಿತ್ತು. ಇನ್ನಿಬ್ಬರು ವಿಮಾನದ ಮಾಲೀಕರು ಅವನನ್ನು ಬಿಟ್ಟರು. ನನ್ನ ಗಂಡನೂ ಬಿಟ್ಟರು. ಅವರು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಕಾಗದ ಇಲ್ದೆ ಹಾಕಿದ್ದನ್ನಾದ್ರೂ ಕ್ಷಮಿಸ್ಬಹುದು ಲಲಿತಾ. ಸಿಕ್ಕಿಬಿದ್ದ ಮೇಲೆ ನಿನ್ನ ಮೇಲೆ ಹಾಕೋಕೆ ನೋಡಿದ್ನಲ್ಲ, ಅದನ್ನ ಹೇಗೆ ಕ್ಷಮಿಸ್ಲಿ?" ನನ್ನ ಪರವಾಗಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಹೇಳಲು ನಾಚಿಕೆಯಾಗುತ್ತದೆ — ಒಂದು ಕ್ಷಣ ಹಿತವಾಗಿಯೂ ಇತ್ತು.

ಮೊಹರು ಹಾಕಿದ ವಿಮಾನವನ್ನು ತೊಳೆಯುವವರಿಲ್ಲ, ಎಣ್ಣೆ ಬಿಡುವವರಿಲ್ಲ. ಎರಡು ಮಳೆಗಾಲಕ್ಕೆ ಉಪ್ಪುಗಾಳಿ ಅವರ ಆರು ವರ್ಷದ ಕೆಲಸವನ್ನು ತಿಂದುಹಾಕಿತು. ಕೊನೆಗೆ ಗುಜರಿಯವರು ಬಂದು ರೆಕ್ಕೆಗಳನ್ನು ಕತ್ತರಿಸಿ ಒಯ್ದರು. ಇವರು ನಿಂತು ನೋಡಿದರಂತೆ. ಮನೆಗೆ ಬಂದು ಕೈಕಾಲು ತೊಳೆದು ಮಲಗಿದರು. ಆಮೇಲೆ ಎದ್ದು ಓಡಾಡಿದ್ದು ಕಡಿಮೆ. ಆಸ್ಪತ್ರೆಯಲ್ಲಿ, ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ತಾವಾಗಿಯೇ ಹೇಳಿದರು — "ಔಸೇಪ್ ಒಂದ್ಸಲ ಫೋನ್ ಮಾಡಿ ತಪ್ಪಾಯ್ತು ಅಂದಿದ್ರೆ ಸಾಕಿತ್ತು ಕಣೇ." ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಮಧ್ಯಾಹ್ನದ ಹೊತ್ತು. ಹೇಳಬಹುದಿತ್ತು. ನಾನು ಅವರ ಹೊದಿಕೆ ಸರಿಮಾಡಿದೆ. ಆಕಾಶದಲ್ಲಲ್ಲ, ನೆಲದ ಮೇಲೆ, ಹಾಸಿಗೆಯಲ್ಲೇ ಹೋದರು; ನಾನು ಬಯಸಿದ್ದು ಅದನ್ನೇ ಅಲ್ಲವೇ?

ಅದಾಗಿ ನಾಲ್ಕು ವರ್ಷ. ಈಚೆಗೆ ಒಂದು ದಿನ ಮೇಘನಾ ಫೋನಿನಲ್ಲಿ ಹೇಳಿದಳು, ಮಟ್ಟಾಂಚೇರಿಯಲ್ಲಿ ಔಸೇಪ್ ಅಂಕಲ್ ಸಿಕ್ಕಿದ್ದರು, ಮಸಾಲೆ ಗೋದಾಮುಗಳ ಯಂತ್ರ ರಿಪೇರಿ ಮಾಡಿಕೊಂಡಿದ್ದಾರೆ, ಅಮ್ಮ ಹೇಗಿದ್ದಾರೆ ಎಂದು ಕೇಳಿದರು ಎಂದು. ಅಮ್ಮ ಹೇಗಿದ್ದಾರೆ ಎಂದು! ಆ ವಾರವೇ ಇಲಾಖೆಗೆ ನಡೆದದ್ದನ್ನೆಲ್ಲ ಬರೆದು, ಹೆಸರು ವಿಳಾಸ ಹಾಕಿ ಕಳಿಸಿದೆ. ಅದು ಸುಲಭದ ಕೆಲಸ. ಆಮೇಲೆ ರೈಲು ಹತ್ತಿ ಕೊಚ್ಚಿಗೆ ಹೋದೆ, ದೋಣಿಯಲ್ಲಿ ಮಟ್ಟಾಂಚೇರಿಗೆ ದಾಟಿದೆ.

ಕಾಳುಮೆಣಸು ಜರಡಿ ಹಿಡಿಯುವ ಯಂತ್ರದ ಬೆಲ್ಟು ಬಿಚ್ಚಿಕೊಂಡು ಕೂತಿದ್ದ. ದಪ್ಪ ಕನ್ನಡಕ ಬಂದಿದೆ. "ಚೇಚೀ!" ಎಂದು ಎದ್ದು, ಸ್ಟೂಲನ್ನು ಒರೆಸಿ ನನ್ನ ಕಡೆ ತಳ್ಳಿದ. ನಾನು ಕೂರಲಿಲ್ಲ. ನನಗೆ ಬರುವ ಮಲಯಾಳದಲ್ಲಿ ಎಲ್ಲವನ್ನೂ ಹೇಳಿದೆ — ಅರ್ಜಿ, ಒಲೆ, ಆ ದಿನದ ಮಾತು.

ಅವನು ಕೈಗಳನ್ನು ಬಟ್ಟೆಯಲ್ಲಿ ಒರೆಸಿಕೊಂಡ. "ನಾನು ಏನಂದ್ಕೊಂಡಿದ್ದೆ ಗೊತ್ತಾ?" ಎಂದ. "ಚೇಚಿ ಎಲ್ಲೋ ಇಟ್ಟು ಕಳೆದುಕೊಂಡಿದ್ದಾರೆ, ಸಾರ್ ಮುಂದೆ ಹೇಳೋಕೆ ಭಯ. ಅದಕ್ಕೇ ಮತ್ತೆ ಕೇಳಲಿಲ್ಲ." ಆಮೇಲೆ, "ಸಾರ್‌ಗೆ ಕೊನೆಗಾದರೂ ಗೊತ್ತಾಯ್ತಾ?"

"ಇಲ್ಲ" ಎಂದೆ.

ಅವನು ಮತ್ತೆ ಬೆಲ್ಟಿನ ಮುಂದೆ ಕೂತ. ನನ್ನ ಕಡೆ ನೋಡದೆ ಹೇಳಿದ: "ಕಲೂರಿಗೆ, ನಮ್ಮನೆಗೆ ಹೋಗಿ. ತ್ರೇಸ್ಯಾಗೆ ಹೇಳಿ. ಇಷ್ಟು ವರ್ಷದಿಂದ ಕೇಳ್ತಾನೇ ಇದ್ದಾಳೆ — ಆ ಕಾಗದ ನಿಜವಾಗ್ಲೂ ಇತ್ತಾ ಅಂತ. ನಾನು ಬರಲ್ಲ."

ಅವನ ಮನೆಯೊಳಗೂ ನನ್ನ ಸುಳ್ಳು ಇಷ್ಟು ವರ್ಷ ಕೂತಿತ್ತು ಎಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ಅವನ ಹೆಂಡತಿ ತ್ರೇಸ್ಯಾಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಯಾರೆಂದು ಹೇಳಿದೆ, ಬಂದದ್ದು ಯಾಕೆಂದು ಹೇಳಿದೆ. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಮುಗಿದ ಮೇಲೆ, "ಒನ್ನೂಡೆ ಪರಯೂ" ಎಂದರು — ಇನ್ನೊಂದು ಸಲ ಹೇಳಿ. ಹೇಳಿದೆ. ಆಗ ಅವರು ಗೋಡೆಯ ಹತ್ತಿರ ಹೋಗಿ ಪಕ್ಕದ ಮನೆಯವರನ್ನು ಕೂಗಿದರು, ಎದುರು ಮನೆಯವರನ್ನೂ ಕೂಗಿದರು. ಐದಾರು ಹೆಂಗಸರು, ಒಬ್ಬರು ಮುದುಕರು ಬಂದು ನಿಂತರು. ಔಸೇಪ್ ಕಳಪೆ ಸಾಮಾನು ಹಾಕಿ ಲೈಸೆನ್ಸ್ ಕಳೆದುಕೊಂಡವನು ಎಂದು ಇಷ್ಟು ವರ್ಷ ನಂಬಿದವರು.

"ಇವರ ಮುಂದೆ ಹೇಳಿ," ಎಂದರು ತ್ರೇಸ್ಯಾಮ್ಮ.

ಬಿಸಿಲಿನಲ್ಲಿ ನಿಂತು ಮೂರನೆಯ ಸಲ ಹೇಳಿದೆ. ಆಸ್ಪತ್ರೆಯ ಆ ಮಧ್ಯಾಹ್ನ ನನ್ನ ಗಂಡ ಔಸೇಪನ ಹೆಸರೆತ್ತಿದ್ದನ್ನೂ, ಆಗಲೂ ನಾನು ಬಾಯಿ ಬಿಡದೆ ಹೊದಿಕೆ ಸರಿಮಾಡಿದ್ದನ್ನೂ ಹೇಳಿದೆ. ಅದನ್ನು ಔಸೇಪನಿಗೆ ಹೇಳಲು ನನ್ನಿಂದ ಆಗಿರಲಿಲ್ಲ. ತ್ರೇಸ್ಯಾಮ್ಮ ಅದನ್ನು ಹೇಳಿ ಎಂದಿರಲಿಲ್ಲ. ನಾನೇ ಸೇರಿಸಿದೆ.