ಕಾಡಪ್ಪ ಬರೆಯದ ಮೂರನೇ ಗೆರೆ

ಪುಣೆಯ ಧನಕವಡಿಯ ಕಾಡಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವನ ಹೆಂಡತಿ ರುದ್ರವ್ವ ನೆಂಟರ ಮುಂದೆಲ್ಲ ದೂರುತ್ತಿದ್ದಳು. ಅವಳ ಅಣ್ಣನ ಮಗಳನ್ನು ನೋಡಲು ಬಂದವರು ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿದಾಗ, "ಚಹಾ ಬರ್ತದ್ರಿ" ಎಂದು ಬಿಟ್ಟ ಮಹಾನುಭಾವ ಅವನು. ಆ ಸಂಬಂಧ ಅಲ್ಲಿಗೇ ಮುರಿಯಿತು. ಇಂಡಿ ಕಡೆಯವನು, ವಯಸ್ಸು ಐವತ್ನಾಲ್ಕು. ಅದರಲ್ಲಿ ಇಪ್ಪತ್ತಾರು ವರ್ಷ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಳತೆಯ ಕೆಲಸದಲ್ಲೇ ಕಳೆದಿದ್ದವು. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿದರೆ ಕುತ್ತಿಗೆ ವಾಲಿಸಿ ನಿದ್ದೆ. ಬಸ್ಸು ಚಾಕಣಕ್ಕೆ ಬಂದಿತೆಂದು ಮೈಗೇ ಗೊತ್ತಾಗುತ್ತಿತ್ತು.

ಅವನ ಕೆಲಸವನ್ನು ವಿವರಿಸುವುದು ಸುಲಭ. ಯಂತ್ರಗಳು ಬುಶ್ಶು ಎಂಬ ಉಕ್ಕಿನ ಗಿಡ್ಡ ಕೊಳವೆಗಳಿಗೆ ತೂತು ಕೊರೆಯುತ್ತವೆ. ಕಾಡಪ್ಪ ಗಂಟೆಗೊಮ್ಮೆ ಪ್ರತಿ ಯಂತ್ರದಿಂದ ಐದು ಬುಶ್ಶು ಎತ್ತಿಕೊಂಡು, ತೂತಿನೊಳಗೆ ಗೇಜು ಇಳಿಸಿ, ಮುಳ್ಳು ಎಷ್ಟನೇ ಗೆರೆಗೆ ನಿಂತಿತೆಂದು ವಹಿಯಲ್ಲಿ ಬರೆಯಬೇಕು. ಎರಡು ಗೆರೆಯ ತನಕ ಮಾಲು ಪಾಸು. ಮೂರಕ್ಕೆ ಹೋದರೆ ಆ ಗಂಟೆಯ ಮಾಲೆಲ್ಲ ಗುಜರಿಗೆ, ಯಂತ್ರ ನಡೆಸಿದವನ ಅರ್ಧ ದಿನದ ಪಗಾರಕ್ಕೆ ಕತ್ತರಿ. ಒಂದು ಗೆರೆ ಎಂದರೆ ಕೂದಲೆಳೆಯನ್ನು ಏಳು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಅಷ್ಟರಲ್ಲಿ ಒಬ್ಬ ಮನುಷ್ಯನ ಅನ್ನ ಇರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ಇತ್ತು.

ಏಳನೇ ನಂಬರಿನ ಯಂತ್ರ ಮುದುಕಿ. ಬೆಳಿಗ್ಗೆ ನೆಟ್ಟಗಿರುತ್ತಿತ್ತು, ಊಟದ ಹೊತ್ತಿಗೆ ಮೈ ಬಿಸಿಯಾಗಿ ತೂತು ದೊಡ್ಡದಾಗತೊಡಗುತ್ತಿತ್ತು. ಖಾಯಂ ಕೆಲಸಗಾರರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ನಾಲ್ಕು ವರ್ಷದ ಹಿಂದೆ ಅದು ಗುತ್ತಿಗೆಯಾಳು ಹುಲಿಗೆಪ್ಪನ ಕೊರಳಿಗೆ ಬಿತ್ತು, ಬಿದ್ದದ್ದು ಅಲ್ಲೇ ಉಳಿಯಿತು. ಸುರಪುರದ ಕಡೆಯವನು, ಕಾರ್ಖಾನೆಯ ಹಿಂದಿನ ತಗಡಿನ ಖೋಲಿಯಲ್ಲಿ ಹೆಂಡತಿ ಅವ್ವಮ್ಮನ ಜೊತೆ ಸಂಸಾರ. ಅಷ್ಟು ದೊಡ್ಡ ಶೆಡ್ಡಿನಲ್ಲಿ ಕಾಡಪ್ಪನ ಜೊತೆ ಕನ್ನಡದಲ್ಲಿ ಮಾತಾಡುವವನು ಅವನೊಬ್ಬನೇ. ಕಾಡಪ್ಪ ಗೇಜು ಇಳಿಸುವಾಗ ಅವನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

"ಎಷ್ಟ್ ಬಂತ್ರಿ ಕಾಕಾ?"

ಮೊದಲ ವಾರದ ಒಂದು ಮಧ್ಯಾಹ್ನವೇ ಮುಳ್ಳು ಮೂರಕ್ಕೆ ನಿಂತಿತು. ಅವ್ವಮ್ಮನಿಗೆ ಹೆರಿಗೆಯಾಗಿ ಎರಡು ದಿನವಾಗಿತ್ತು. ಕಾಡಪ್ಪನ ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ 'ಎರಡು' ಎಂದು ಬರೆಯಿತು. "ಎರಡು" ಎಂದು ಬಾಯಿಂದಲೂ ಹೇಳಿದ. ಹುಲಿಗೆಪ್ಪನ ಮುಖ ಅರಳಿದ್ದನ್ನು ನೋಡಿ ಅವನಿಗೆ ಹೊಟ್ಟೆ ತುಂಬಿದಂತಾಯಿತು. ಅಂದಿನಿಂದ ವಾರಕ್ಕೆ ಎರಡು ಮೂರು ಸಲ, ಏಳನೇ ನಂಬರಿನ ಮೂರು ಕಾಡಪ್ಪನ ವಹಿಯಲ್ಲಿ ಎರಡಾಯಿತು. ಹುಲಿಗೆಪ್ಪನಿಗೂ ಅದನ್ನು ಹೇಳಲಿಲ್ಲ. ಹೇಳಿದರೆ ಉಪಕಾರ, ಹೇಳದಿದ್ದರೆ ಪುಣ್ಯ ಎಂಬುದು ಅವನ ನಂಬಿಕೆ. ಪುಣ್ಯದ ಆಸೆ ಎಂಥೆಂಥವರನ್ನೋ ಕೆಡಿಸಿದೆ, ಕಾಡಪ್ಪ ಯಾವ ಲೆಕ್ಕ?

ಮಾಲು ಕೊಳ್ಳುವ ಕಾರ್ ಕಂಪನಿಯಲ್ಲಿ ಬುಶ್ಶು ಜೋಡಿಸುವವರು ಮನುಷ್ಯರಾಗಿದ್ದ ತನಕ ಇದೆಲ್ಲ ನಡೆಯಿತು. ಸ್ವಲ್ಪ ಸಡಿಲಿದ್ದುದನ್ನು ಅವರು ಹೇಗೋ ಕೂರಿಸುತ್ತಿದ್ದರು. ಹೋದ ವರ್ಷ ಅಲ್ಲಿ ರೋಬೋಟುಗಳು ಬಂದವು. ರೋಬೋಟಿಗೆ ದಯೆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಬುಶ್ಶುಗಳು ಪೆಟ್ಟಿಗೆಗಟ್ಟಲೆ ವಾಪಸು ಬರತೊಡಗಿದವು. ಮುಕ್ಕಾಲು ಪಾಲಿನ ಮೇಲೆ ಏಳನೇ ಯಂತ್ರದ ಮುದ್ರೆಯಿತ್ತು.

ಯಾಕೆ ಹೀಗಾಗುತ್ತಿದೆ ಎಂದು ಅಂಕಿಗಳಿಂದಲೇ ಕಂಡುಹಿಡಿಯಲು ಸ್ನೇಹಲ್ ಬಂದಳು. ಸದಾಶಿವ ಪೇಠದ ಹುಡುಗಿ, ಸಂಖ್ಯಾಶಾಸ್ತ್ರ ಓದಿದವಳು, ಮಾತೆಲ್ಲ ಮರಾಠಿ. ಕಾಡಪ್ಪನ ನಾಲ್ಕು ವರ್ಷದ ವಹಿಗಳನ್ನು ಕಂಪ್ಯೂಟರಿಗೆ ಏರಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಕಾಡಪ್ಪ ಪಕ್ಕದಲ್ಲಿ ಕೂತು ತನ್ನ ಅಕ್ಷರ ಓದಿ ಹೇಳಿದ.

"ಮಾಡೆಲ್ ಅಂದರೆ ಇಷ್ಟೇ ಕಾಕಾ," ಎಂದು ಅವಳು ಚಹಾ ಕುಡಿಯುತ್ತ ತಿಳಿಸಿದಳು. "ಮನೆಯಲ್ಲಿ ಆಮಟಿ ಸಾರು ಕೆಟ್ಟಿದೆ. ಉಪ್ಪಿನಿಂದಲೋ, ಹುಳಿಯಿಂದಲೋ, ಬೇಳೆಯಿಂದಲೋ? ಸಾವಿರ ಸಲ ಮಾಡಿದ ಆಮಟಿಯ ಲೆಕ್ಕ ಇದ್ದರೆ ಯಾವುದರ ತಪ್ಪು ಎಷ್ಟೆಂದು ಹೇಳಬಹುದು. ಇಲ್ಲಿ ಯಂತ್ರ, ಆಳು, ಉಕ್ಕು, ಪಾಳಿ, ನಿಮ್ಮ ಅಳತೆ. ನಿಮ್ಮ ವಹಿ ಎಷ್ಟು ಚೊಕ್ಕ ಇದೆ ಗೊತ್ತೇ?"

ಕಾಡಪ್ಪ ಮನೆಗೆ ಹೋಗಿ ಈ ಮಾತನ್ನು ರುದ್ರವ್ವನಿಗೆ ಎರಡು ಸಲ ಹೇಳಿದ. ಮೂರನೇ ಗೆರೆ ಅವನಿಗೆ ನೆನಪಾಗಲಿಲ್ಲವೇ ಎಂದರೆ, ಆಯಿತು. ಅಷ್ಟು ಸಾವಿರ ಅಂಕಿಗಳ ನಡುವೆ ತನ್ನ ಒಂದು ಗೆರೆಯನ್ನು ಯಾರು ಕೇಳುತ್ತಾರೆ ಎಂದುಕೊಂಡ.

ಒಂದು ಬುಧವಾರ ಮ್ಯಾನೇಜರ್ ಮನೋಹರನ ಕೋಣೆಯಲ್ಲಿ, ಕಾಡಪ್ಪನನ್ನೂ ಕೂರಿಸಿಕೊಂಡು, ಸ್ನೇಹಲ್ ಪರದೆಯ ಮೇಲೆ ಫಲಿತಾಂಶ ತೋರಿಸಿದಳು. ಏಳನೇ ಯಂತ್ರ ಸರಿಯಾಗಿದೆ ಎಂದಳು. ಕಾಕಾ ಅಳೆದವು ಒಂದೂ ಎರಡು ಗೆರೆ ದಾಟಿಲ್ಲ, ಅಳೆಯದೆ ಹೋದವು ಮಾತ್ರ ಮೂರು ನಾಲ್ಕನೇ ಗೆರೆಗೆ ಹೋಗಿ ವಾಪಸಾಗಿವೆ. ಅಂದರೆ ಅಳೆಯಲು ಬಂದಾಗಷ್ಟೇ ಯಂತ್ರ ನಡೆಸುವವನು ಎಚ್ಚರವಾಗಿರುತ್ತಾನೆ, ಆಮೇಲೆ ಕೈಬಿಡುತ್ತಾನೆ. ಪರದೆಯಲ್ಲಿ ಹುಲಿಗೆಪ್ಪನ ಹೆಸರು ಕೆಂಪಗೆ ಬಂತು, ಮುಂದೆ ತಪ್ಪಿನ ಪಾಲು ನೂರಕ್ಕೆ ತೊಂಬತ್ತೊಂದು ಎಂಬ ಅಂಕಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ವರ್ಷ ಖಾಯಂ ಆಗುವವರ ಪಟ್ಟಿಯಲ್ಲಿ ಹುಲಿಗೆಪ್ಪನ ಹೆಸರಿತ್ತು. ಈಗ ಖಾಯಂ ಇರಲಿ, ಇದ್ದ ಕೆಲಸವೂ ಹೋಗುತ್ತಿತ್ತು. ಸುತ್ತಲ ಕಾರ್ಖಾನೆಗಳಿಗೆಲ್ಲ ಆಳು ಕಳಿಸುವವನು ಒಬ್ಬನೇ ಗುತ್ತಿಗೆದಾರ. ಕೆಲಸಗಳ್ಳನೆಂದು ಒಂದು ಕಡೆ ಹೆಸರು ಕೆಟ್ಟರೆ ಇನ್ನೆಲ್ಲಿಯೂ ಬಾಗಿಲು ತೆರೆಯುವುದಿಲ್ಲ.

"ಸಾಹೇಬ್ರ, ತಪ್ಪು ನಂದು," ಎಂದ ಕಾಡಪ್ಪ. ಗಾಬರಿಯಲ್ಲಿ ಕನ್ನಡದಲ್ಲೇ ಬಂತು. ಆಮೇಲೆ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ.

ಸ್ನೇಹಲ್ ಏಳನೇ ನಂಬರಿನ ಅಂಕಿಗಳನ್ನು ಮತ್ತೆ ತೆರೆದು ನೋಡಿದಳು. ಎರಡನೇ ಗೆರೆಯ ಮೇಲೆ ಗುಡ್ಡದಂತೆ ರಾಶಿ, ಮೂರನೆಯದರ ಮೇಲೆ ಒಂದೂ ಇಲ್ಲ. "ಇದನ್ನು ನೋಡಿಯೂ ನಾನು ಚೊಕ್ಕ ಅಂದೆ," ಎಂದಳು. ಮ್ಯಾನೇಜರನ ಕಡೆ ತಿರುಗಿ, "ಸರ್, ಈ ಅಳತೆ ಸುಳ್ಳಾದರೆ ನನ್ನ ಮಾಡೆಲ್ಲೂ ಸುಳ್ಳು. ನಾಲ್ಕು ವರ್ಷ ಆ ಯಂತ್ರ ನಡೆಸಿದವನು ಹುಲಿಗೆಪ್ಪನೊಬ್ಬನೇ. ತಪ್ಪು ಯಂತ್ರದ್ದೋ ಆಳಿನದೋ ಬೇರೆ ಮಾಡಲು ದಾರಿಯಿಲ್ಲ. ಹದಿನೈದು ದಿನ ಅವನನ್ನು ಬೇರೆ ಯಂತ್ರಕ್ಕೆ ಹಾಕಿ, ಇನ್ನೊಬ್ಬನನ್ನು ಇದಕ್ಕೆ ಹಾಕಿ" ಎಂದು ಬೇಡಿಕೊಂಡಳು.

ಮನೋಹರ ಕೆಟ್ಟವನಲ್ಲ. ಎದ್ದು ಬಾಗಿಲು ಮುಚ್ಚಿ ಬಂದು ಕೂತ, ಅಷ್ಟೇ.

"ನಾಲ್ಕು ವರ್ಷ ಪ್ರತಿ ಪೆಟ್ಟಿಗೆಯ ಜೊತೆ ಇವರ ಅಳತೆಯ ಸರ್ಟಿಫಿಕೇಟು ಹೋಗಿದೆ. ಅದು ಸುಳ್ಳು ಅಂತ ಗೊತ್ತಾದರೆ ಆರ್ಡರೂ ಇರುವುದಿಲ್ಲ, ಈ ಶೆಡ್ಡೂ ಇರುವುದಿಲ್ಲ. ಇದನ್ನೇ ನಂಬಿದ ಮುನ್ನೂರು ಮನೆ. ಶುಕ್ರವಾರ ಕಾರ್ ಕಂಪನಿಗೆ ಉತ್ತರ ಕಳಿಸಬೇಕು. ಆಳನ್ನು ತೆಗೆದಿದ್ದೇವೆ ಎಂದರೆ ಅವರು ಒಪ್ಪುತ್ತಾರೆ. ಕಾಡಪ್ಪ, ನೀವು ಹೇಳಿದ್ದು ಈ ಕೋಣೆಯಲ್ಲೇ ಇರಲಿ. ಇನ್ನು ಮೇಲೆ ಸರಿಯಾಗಿ ಬರೆಯಿರಿ."

ಹೀಗೆ, ತಪ್ಪೊಪ್ಪಿಕೊಂಡವನ ಕೆಲಸ ಉಳಿಯಿತು.

ಶುಕ್ರವಾರ ಪಾಳಿ ಬಿಟ್ಟ ಮೇಲೆ, ಕೆಲಸ ಕಳೆದುಕೊಂಡ ಹುಲಿಗೆಪ್ಪ ಬುತ್ತಿ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದ. ಕಾಡಪ್ಪ ಬಸ್ಸು ಬಿಟ್ಟು ಅವನ ಹತ್ತಿರ ಹೋದ. ಮುಚ್ಚಿಡಬೇಕೆಂದರೂ ಅವನಿಂದ ಆಗಲಿಲ್ಲ, ಎಲ್ಲ ಹೇಳಿದ. ಬೈದಾನು, ಕೊರಳಪಟ್ಟಿ ಹಿಡಿದಾನು ಎಂದು ಕಾದ. ಹಿಡಿದಿದ್ದರೆ ಒಳ್ಳೆಯದಿತ್ತು.

"ಮೂರಿತ್ತೇನ್ರಿ?" ಎಂದ ಹುಲಿಗೆಪ್ಪ.

"ಹೂಂ. ನಿನ್ನ ಪಗಾರ ಉಳೀಲಿ ಅಂತ."

"ನಿಮ್ಮ ನಂಬರ್ ಕೇಳೇ ನಾ ಕೊರಿಯೋ ಟೂಲ್ ಕೂಡಿಸ್ತಿದ್ದೆ ಕಾಕಾ. ಎರಡು ಅಂದ್ರಿ, ಸುಮ್ನಿದ್ದೆ. ಮೂರು ಅಂದಿದ್ರ ಒಂದು ಗೆರಿ ಹಿಂದಕ ತಿರುವ್ತಿದ್ದೆ. ಎರಡು ನಿಮಿಷದ ಕೆಲಸ. ಹಂಗಾಗಿದ್ರ ನಾಕು ಸಲ ಪಗಾರ ಹೋಗ್ತಿತ್ತು, ಆಮ್ಯಾಲ ಮಧ್ಯಾಹ್ನ ಆತಂದ್ರ ತಿರುವಬೇಕಂತ ತಿಳೀತಿತ್ತು."

ಕಾಡಪ್ಪ ಜನ್ಮದಲ್ಲಿ ಯಂತ್ರ ನಡೆಸಿದವನಲ್ಲ. ಆ ಮುದುಕಿ ಯಂತ್ರದ ಜಡ್ಡಿಗೆ ಮದ್ದಿಲ್ಲ ಎಂದೇ ನಾಲ್ಕು ವರ್ಷ ತಿಳಿದಿದ್ದ, ಒಂದು ಮಾತು ಕೇಳಿರಲಿಲ್ಲ. ಅವನಿಗೆ ನಿಂತಲ್ಲೇ ಅಳು ಬಂತು. ಹುಲಿಗೆಪ್ಪ ಅವನ ಅಳುವನ್ನು ನೋಡಲಿಲ್ಲ.

"ಭಾಳ ಹೊತ್ತಾತ್ರಿ. ಖೋಲಿ ಖಾಲಿ ಮಾಡ್ಬೇಕು," ಎಂದು ನಡೆದ.

ಸೋಮವಾರ ಏಳನೇ ನಂಬರಿಗೆ ಹೊಸಬ ಬಂದ. ಮಧ್ಯಾಹ್ನ ಮುಳ್ಳು ಮೂರಕ್ಕೆ ನಿಂತಿತು. ಕಾಡಪ್ಪ ಮೂರು ಎಂದೇ ಬರೆದ, ಮೂರು ಎಂದೇ ಹೇಳಿದ. ಹೊಸಬ ಮರಾಠಿಯಲ್ಲಿ ಒಂದು ಬೈಗುಳ ಬೈದು ಟೂಲು ತಿರುವಿದ. ವಾರದೊಳಗೆ ಅವನಿಗೆ ಅದೇ ರೂಢಿಯಾಯಿತು. ಆ ತಿಂಗಳು ಏಳರ ಮುದ್ರೆಯ ಬುಶ್ಶು ಒಂದೂ ವಾಪಸು ಬರಲಿಲ್ಲ, ಮರುತಿಂಗಳೂ ಬರಲಿಲ್ಲ.

ಕಾರ್ ಕಂಪನಿಯಿಂದ ಮೆಚ್ಚುಗೆಯ ಪತ್ರ ಬಂತು. ಮನೋಹರ ಅದನ್ನು ನೋಟೀಸ್ ಬೋರ್ಡಿಗೆ ಹಚ್ಚಿಸಿದ. ದೋಷ ಹುಲಿಗೆಪ್ಪನದೇ ಎಂದು ಮಾಡೆಲ್ ಹೇಳಿದ್ದು ನಿಜವಾಯಿತು, ಆಳನ್ನು ತೆಗೆದ ಕೂಡಲೇ ದೋಷ ಹೋಯಿತು ಎಂದು ಅದರಲ್ಲಿ ಬರೆದಿತ್ತು. ಅದಕ್ಕೆ ಸಾಕ್ಷಿಯಾಗಿ ಕೆಳಗೆ ಎರಡು ತಿಂಗಳ ಅಳತೆಗಳನ್ನು ಕೊಟ್ಟಿದ್ದರು. ಒಂದೂ ಸುಳ್ಳಿಲ್ಲದ ಆ ಅಳತೆಗಳನ್ನು ಬರೆದವನು ಕಾಡಪ್ಪ.