ಟ್ಯಾಂಕಿನ ಬಾಯಿಗೆ ತುರುಕಿದ ಅರಿವೆ

ಎಂಜಿನ್ ವಿಷಯ ಬಂದರೆ ನನ್ನ ಬಾಯಿಗೆ ಬ್ರೇಕಿಲ್ಲ. ಆಳಂದದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಲೇ ತಲೆ ನರೆತಿದೆ. ಹಾಗಾಗಿ ಮೇಲೇರಿದ ಕೂಡಲೇ ವಿಮಾನವೊಂದು ಬಿದ್ದ ಸುದ್ದಿ ಟಿವಿಯಲ್ಲಿ ಬಂದಾಗ, ಅಂಗಡಿ ಎದುರಿನ ಚಹಾ ಹೋಟೆಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ಎರಡೂ ಎಂಜಿನ್ ಒಮ್ಮೆಗೇ ಹ್ಯಾಂಗ ಬಂದ್ ಆಗ್ತಾವ್ರಿ?”

ಶುರು ಹಚ್ಚಿಕೊಂಡೆ. ಒಂದು ಎಂಜಿನ್ ಕೆಟ್ಟರೆ ಅದು ಅದರದೇ ರೋಗ. ಎರಡೂ ಒಟ್ಟಿಗೆ ಸೊರಗಿದರೆ ಎರಡಕ್ಕೂ ಸೇರಿದ್ದನ್ನು ಹುಡುಕಬೇಕು. ಉರಿಯುವ ಎಣ್ಣೆಯಲ್ಲಿ ನೀರೋ ಕಸವೋ ಸೇರಿರಬಹುದು, ಹಕ್ಕಿಗಳ ಹಿಂಡೇ ನುಗ್ಗಿರಬಹುದು, ಎಣ್ಣೆ ಬಿಡುವ ಸ್ವಿಚ್ಚು ಮುಚ್ಚಿರಬಹುದು, ಇಲ್ಲವೇ ಕಂಪ್ಯೂಟರೇ ತಪ್ಪು ಹುಕುಂ ಕೊಟ್ಟಿರಬಹುದು. ನೆಲದ ಮೇಲೆ ನಿಂತಾಗ ಎಣ್ಣೆಯ ಸಣ್ಣ ಧಾರೆ ಸಾಕು. ಏರುವಾಗ ಎಂಜಿನ್ ಹೊಟ್ಟೆತುಂಬ ಕೇಳುತ್ತದೆ, ಆಗಲೇ ರೋಗ ಬಯಲಾಗುವುದು.

“ಅದೆಲ್ಲ ಬಿಡ್ರಿ, ನಡಸಾವನೇ ಬಂದ್ ಮಾಡಿರ್ತಾನ,” ಎಂದ ಒಬ್ಬ.

ಇದೇ ಹೋಟೆಲಿನಲ್ಲಿ ಇದೇ ಮಾತನ್ನು ಕೆಲವು ವರ್ಷಗಳ ಹಿಂದೆ ನಾನೇ ಆಡಿದ್ದೆ.

ಆಗ ಬಾಡಿಗೆಗೆ ಓಡಿಸುವ ನನ್ನದೊಂದು ಟ್ರ್ಯಾಕ್ಟರ್ ಇತ್ತು. ಅತನೂರಿನವನೊಬ್ಬ ಅದರ ಡ್ರೈವರ್. ತೊಗರಿ ಚೀಲ ಹೇರಿಕೊಂಡು ನರೋಣಾ ಕಡೆಯ ದಿಬ್ಬ ಏರುವಾಗ ಎಂಜಿನ್ ನಿಂತು, ಟ್ರಾಲಿ ಹಿಂದಕ್ಕೆ ಜಾರಿ ಮಗುಚಿತು. ಅವನು ಜಿಗಿದು ಬದುಕಿದ. “ಬಂದ್ ಮಾಡೋ ಗುಂಡಿ ನೀನೇ ಎಳದೀಯಲೇ,” ಎಂದು ಈ ಹೋಟೆಲಿನಲ್ಲೇ ಹತ್ತು ಜನರ ಮುಂದೆ ಬೈದು ಕೆಲಸದಿಂದ ತೆಗೆದೆ. ಆಮೇಲೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ.

ವಾರ ಕಳೆದು ಟ್ಯಾಂಕ್ ಬಿಚ್ಚಿದೆ. ಅದರ ಮುಚ್ಚಳ ಹಿಂದೊಮ್ಮೆ ಕಳೆದುಹೋದಾಗ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಹಳೆ ಧೋತರದ ತುಂಡೊಂದನ್ನು ಬಾಯಿಗೆ ತುರುಕಿದ್ದೆ. ಅದು ನೆನೆದು ಚಿಂದಿಯಾಗಿ ಡೀಸೆಲ್ ಇಳಿಯುವ ತೂತಿಗೆ ಕೂತಿತ್ತು. ಆ ಚಿಂದಿಯನ್ನು ಒಲೆಗೆ ಹಾಕಿ ಸುಮ್ಮನಾದೆ. ಮೆಕ್ಯಾನಿಕ್ ಅನ್ನಿಸಿಕೊಂಡವನ ಮರ್ಯಾದೆ ನೋಡಿ!

ವಿಮಾನ ಬಿದ್ದ ಮೂರನೆಯ ದಿನ ಅತನೂರಿಗೆ ಹೋದೆ. ಅವನು ಯಾರದೋ ಹೊಲದಲ್ಲಿ ಕೂಲಿಗೆ ಕಳೆ ತೆಗೆಯುತ್ತಿದ್ದ. ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಗುಂಡಿ ನಾ ಎಳದಿಲ್ಲಂತ ನನಗ ಅವತ್ತೇ ಗೊತ್ತಿತ್ರಿ, ಸಾವ್ಕಾರ್ರ,” ಎಂದ. “ನನಗ್ಯಾಕ ಹೇಳಾಕತ್ತೀರಿ? ಅವತ್ತು ಎಲ್ಲಿ ನಿಂತು ಬೈದಿದ್ರಿ?”

ಮರುದಿನ ಬೆಳಿಗ್ಗೆ ಹೋಟೆಲಿನ ಟಿವಿ ಇನ್ನೂ ವಿಮಾನದ ಬಗ್ಗೆಯೇ ಮಾತಾಡುತ್ತಿತ್ತು. ಅದನ್ನು ಬಂದ್ ಮಾಡಿಸಿ, ಎಲ್ಲರ ಮುಂದೆ ಎದ್ದು ನಿಂತೆ.