ಚುಕ್ಕಿ ಇಟ್ಟ ಟ್ಯಾಗು

ದೆಹಲಿಯಲ್ಲಿ ಯಾರಾದರೂ ಪುಕ್ಕಟೆ ಎಂದರೆ ನಾನು ಮೊದಲು ನನ್ನ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತೇನೆ. ಆ ಬೇಸಿಗೆ ರಜೆಯಲ್ಲಿ ಮೂರನೇ ಮಹಡಿಯ ಅಜ್ಜಿ, “ಮಕ್ಕಳನ್ನ ನನ್ನ ಹತ್ರ ಬಿಟ್ಟು ಆಫೀಸಿಗೆ ಹೋಗು, ದುಡ್ಡು ಗಿಡ್ಡು ಎಂಥದೂ ಬೇಡ” ಎಂದಾಗಲೂ ಹಾಗೇ ಮಾಡಿದೆ. ನಿಜವಾಗಿ ಮುಟ್ಟಿಕೊಂಡೆನೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ ಗೊತ್ತಿಲ್ಲ. ಅನುಮಾನ ಬಂದದ್ದು ಮಾತ್ರ ನಿಜ.

ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಸಮ್ಮರ್ ಕ್ಯಾಂಪ್ ಇತ್ತು. ಶುಲ್ಕ ಓದಿ ನೋಟಿಸ್ ಬೋರ್ಡಿನ ಮುಂದಿನಿಂದಲೇ ವಾಪಸಾಗಿದ್ದೆ. ನಾನೂ ಗಂಡನೂ ಸರ್ಕಾರಿ ಗುಮಾಸ್ತರು. ಊರಿಗೆ ಹೋಗಲು ಇಬ್ಬರಿಗೂ ರಜೆ ಉಳಿದಿರಲಿಲ್ಲ. ಒಂದು ಭಾನುವಾರ ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸುಮ್ಮನೆ ಕೂತು ತಣ್ಣಗೆ ವಾಪಸ್ ಬಂದೆವು. ಇನ್ನೊಂದು ಭಾನುವಾರಕ್ಕೆ ಅದೂ ಹಳತಾಯಿತು. ಎಂಟು ವರ್ಷದ ಮಗಳು “ಅಮ್ಮಾ, ಬೋರ್ ಹೋ ರಹಾ ಹೈ” ಎಂದು ನೆಲದ ಮೇಲೆ ಬಿದ್ದುಕೊಂಡಳು. ಐದು ವರ್ಷದ ಮಗ ಅವಳ ಮೇಲೆ ಬಿದ್ದುಕೊಂಡ.

ಅಜ್ಜಿ ಕುಂದಾಪುರದ ಕಡೆಯವರು. ಅವರ ಮಗ ಓಖ್ಲಾದ ಒಂದು ಬಟ್ಟೆ ರಫ್ತು ಘಟಕದಲ್ಲಿ ಸೂಪರ್‌ವೈಸರ್.

ಮೊದಲ ದಿನವೇ ಮಕ್ಕಳು ಜಗಳವಿಲ್ಲದೆ ಮನೆಗೆ ಬಂದರು. ಅದೇ ನನಗೆ ಸರಿಕಾಣಲಿಲ್ಲ.

“ಏನ್ ಆಟ ಆಡಿದ್ರಿ?”

“ಆಟ ಅಲ್ಲ, ಕೆಲಸ,” ಎಂದಳು ಮಗಳು. “ಲಂಡನ್ ಕಾ ಮಾಲ್ ಹೈ.”

ಮಗನ ಚಡ್ಡಿಯ ಜೇಬಿನಲ್ಲಿ ಒಂದು ಟ್ಯಾಗು ಸಿಕ್ಕಿತು. ಹೊಸ ಅಂಗಿಗೆ ತೂಗುಹಾಕುವ ದಪ್ಪ ಕಾಗದದ ತುಂಡು. ತೂತಿನಲ್ಲಿ ದಾರ ಪೋಣಿಸಿ ಗಂಟು ಹಾಕಿತ್ತು. ಬೆಲೆ ಪೌಂಡಿನಲ್ಲಿತ್ತು. ಮಗಳ ತೋರುಬೆರಳಿನ ಮೇಲೆ ದಾರ ಎಳೆದ ಕೆಂಪು ಗೆರೆ.

ಹೀಗೆ ಟ್ಯಾಗಿಗೆ ದಾರ ಕಟ್ಟುವ ಕೆಲಸವನ್ನು ಕಟ್ಟುಕಟ್ಟಾಗಿ ಮನೆಗೆ ತಂದು ಮಾಡುವ ಹೆಂಗಸರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಕೂಲಿ ಯಾರಿಗೆ ಹೋಗುತ್ತಿದೆ ಎಂದು ಯೋಚಿಸತೊಡಗಿದೆ. ಆದರೂ ನಾಲ್ಕು ದಿನ ಸುಮ್ಮನಿದ್ದೆ, ಏಕೆಂದರೆ ಮಕ್ಕಳನ್ನು ಬಿಡಲು ಬೇರೆ ಜಾಗವಿರಲಿಲ್ಲ. ಈ ಕಥೆ ಹೇಳುವಾಗಲೆಲ್ಲ ಎರಡೇ ದಿನ ಎನ್ನುತ್ತಿದ್ದೆ. ನಾಲ್ಕು.

ಐದನೆಯ ದಿನ ಅರ್ಧ ದಿನದ ರಜೆ ಹಾಕಿ, ಹೇಳದೆ ಕೇಳದೆ ಹೋದೆ. ಅಜ್ಜಿಯ ಮನೆಯ ಹಾಲ್‌ನ ನೆಲದ ಮೇಲೆ ಟ್ಯಾಗುಗಳ ರಾಶಿ, ಎರಡು ಬದಿಯಲ್ಲಿ ನನ್ನ ಮಕ್ಕಳು.

“ಆಂಟಿ, ನನ್ನ ಮಕ್ಕಳ ಕೈಲಿ ಜಾಬ್ ವರ್ಕ್ ಮಾಡಿಸ್ತಿದೀರಾ?”

ಅಜ್ಜಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. “ಮೆಲ್ಲಗೆ ಮಾತಾಡು ಮಾರಾಯ್ತಿ!”

“ಯಾಕೆ ಮೆಲ್ಲಗೆ? ಕೂಲಿ ಎಷ್ಟು ಬರುತ್ತೆ ಹೇಳಿ.”

“ಕೂಲಿಯಾ? ಅದು ರಿಜೆಕ್ಟ್ ಮಾಲು. ಬಣ್ಣ ತಪ್ಪಿ ಪ್ರಿಂಟಾದದ್ದು. ರದ್ದಿಗೆ ಹಾಕೋದನ್ನ ಮಗ ಎತ್ಕೊಂಡು ಬಂದ. ಇವರು ಮನೆಗೆ ಹೋದ ಮೇಲೆ ನಾನೇ ಕೂತು ದಾರ ಎಲ್ಲ ಬಿಚ್ಚಿಡ್ತೇನೆ. ಇಲ್ದಿದ್ರೆ ನಾಳೆಗೆ ಎಂಥ ಕೊಡೋದು? ಇರೋದು ಒಂದೇ ಡಬ್ಬ.”

“ಮತ್ತೆ ಲಂಡನ್?”

“ಆಟ ಅಂದ್ರೆ ನಿನ್ನ ಮಗಳು ಹತ್ತು ನಿಮಿಷ ಕೂರೋದಿಲ್ಲ. ಲಂಡನ್ನಿನ ಕೆಲಸ ಅಂದ್ರೆ ಏಳೋದೇ ಇಲ್ಲ.”

ಬಾಗಿಲಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ದಾರವಿತ್ತು.

“ಮೇರಾ ಸಾರಾ ಕಾಮ್ ಬಿಚ್ಚಿಟ್ರಾ ಅಜ್ಜಿ?”

ಅಜ್ಜಿ ನನ್ನನ್ನು ನೋಡಿದರು. ನಾನು ಫ್ರಿಜ್ಜನ್ನು ನೋಡಿದೆ.

ಅವತ್ತು ಮಗಳು ಊಟ ಮಾಡಲಿಲ್ಲ. ಅವಳು ಅತ್ತಳೆಂದು ಗಂಡ ಹೇಳುತ್ತಾನೆ. ನನ್ನ ನೆನಪಿನಲ್ಲಿ ಅವಳು ಗೋಡೆ ನೋಡುತ್ತ ಮಲಗಿದ್ದಳು, ಅಷ್ಟೇ. ಕೂಲಿಯೆಂದು ನಾನು ಸಿಟ್ಟಾಗಿದ್ದೆ. ಕೂಲಿಯಲ್ಲವೆಂದು ಅವಳ ರಜೆಯೇ ಹಾಳಾಗಿತ್ತು.

ಬೆಳಿಗ್ಗೆ ಅವಳೇ ಚಪ್ಪಲಿ ಹಾಕಿಕೊಂಡಳು. “ದೇಖ್‌ನಾ ಹೈ, ನಾಳೆನೂ ಅವೇ ಬರುತ್ತಾ ಅಂತ,” ಎಂದು ನನ್ನ ಕೆಂಪು ಪೆನ್ನು ಒಯ್ದಳು. ಆ ದಿನ ಕಟ್ಟಿದ ಹತ್ತು ಟ್ಯಾಗುಗಳ ಹಿಂದೆ ಅಜ್ಜಿಗೆ ಕಾಣದಂತೆ ಒಂದೊಂದು ಚುಕ್ಕಿ ಇಟ್ಟು ಬಂದಳು. ಅನುಮಾನಪಡುವುದನ್ನು ಅವಳು ಯಾರಿಂದ ಕಲಿತಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮರುದಿನ ಡಬ್ಬ ಪೂರ್ತಿ ನೆಲಕ್ಕೆ ಸುರಿದು ಹುಡುಕಿದಳಂತೆ. ನಾನು ಆಫೀಸಿನಿಂದ ಬಂದು ಬೀಗ ತೆಗೆಯುವಷ್ಟರಲ್ಲಿ ಮೆಟ್ಟಿಲಿಳಿದು ಓಡಿಬಂದಳು. “ಅಮ್ಮಾ, ಚುಕ್ಕಿದು ಒಂದೂ ಇಲ್ಲ! ಚಲಾ ಗಯಾ ಲಂಡನ್! ಅಜ್ಜಿ ನಿಮ್ಗೆ ಸುಳ್ಳು ಹೇಳಿದ್ರು.”

ಅಜ್ಜಿ ಚುಕ್ಕಿ ನೋಡಿ ಉಜ್ಜಿ ಅಳಿಸಿರಬಹುದು, ಇಲ್ಲವೇ ಆ ಹತ್ತನ್ನು ಮಾತ್ರ ಆರಿಸಿ ಬಚ್ಚಿಟ್ಟಿರಬಹುದು. ಅಥವಾ ಟ್ಯಾಗುಗಳು ನಿಜವಾಗಿಯೂ ಓಖ್ಲಾಕ್ಕೆ ಹೋಗುತ್ತಿದ್ದು, ಅಡುಗೆಮನೆಯಲ್ಲಿ ನನಗೆ ಹೇಳಿದ್ದೇ ಸುಳ್ಳಾಗಿರಬಹುದು. ಈಗಲೂ ನನಗೆ ಗೊತ್ತಿಲ್ಲ. ಶಾಲೆ ತೆರೆಯುವವರೆಗೂ ಮಕ್ಕಳು ಅಲ್ಲಿಗೇ ಹೋದರು.

ಚುಕ್ಕಿ ಇಟ್ಟ ವಾರವೇ ಒಂದು ಸಂಜೆ ಲಿಫ್ಟಿನಲ್ಲಿ ಅಜ್ಜಿ ಸಿಕ್ಕರು. ಅವರ ಹೆಬ್ಬೆರಳ ತುದಿ ಕೆಂಪಾಗಿತ್ತೆಂದು ನೆನಪು. ಕುಂಕುಮವೂ ಇರಬಹುದು. ಮಗಳು ನನ್ನ ಪಕ್ಕದಲ್ಲೇ ಇದ್ದಳು. ಅವಳಿಗೆ ಆ ಬೆರಳು ಕಾಣದ ಹಾಗೆ ನಾನು ನಡುವೆ ನಿಂತೆ.